ಬುಧವಾರದ ಕೋರ್ಟು

ಮಾರ್ಚ್ 3, ಮಂಗಳವಾರ

ದಿನಾ ಬರೀಬೇಕಂತೆ. ಬೆರಳಿಗೆ ವ್ಯಾಯಾಮ ಮಾಡಿಸೋ ಡಾಕ್ಟರಮ್ಮನ ಅಪ್ಪಣೆ. ಏನು ಬರೀಲಿ ಅಂದೆ. ಮನಸ್ಸಿಗೆ ಬಂದದ್ದು ಅಂದರು. ಮನಸ್ಸಿಗೆ ಬರೋದೆಲ್ಲ ಬರೆಯೋ ಹಾಗಿಲ್ಲ. ಅಕ್ಷರ ಏಡಿ ನಡೆದ ಹಾಗಿದೆ. ಸಾಕು.

ಮಾರ್ಚ್ 5, ಗುರುವಾರ

ಆ ದಿನದ್ದನ್ನೇ ಬರೆದುಬಿಡುತ್ತೇನೆ. ಹೋದ ತಿಂಗಳು, ಊಟದ ಹೊತ್ತು. ಸಲೂನಿನಲ್ಲಿ ಗಿರಾಕಿ ಇರಲಿಲ್ಲ. ನನ್ನ ಭಾವಮೈದ ಹಿಂದುಗಡೆ ಟವೆಲ್ ಒಣಹಾಕುತ್ತಿದ್ದ. ಒಬ್ಬ ಒಳಗೆ ಬಂದ. ಮೂವತ್ತೈದರ ಆಸುಪಾಸು, ಗಡ್ಡ ಕಾಡಿನ ಹಾಗೆ ಬೆಳೆದಿತ್ತು, ಕಾಲಲ್ಲಿ ಒಂದೇ ಚಪ್ಪಲಿ. ಕೂತ್ಕೊಳ್ಳಿ ಅಂದೆ. ಕೂರಲಿಲ್ಲ. ಗೋಡೆಯುದ್ದದ ಕನ್ನಡಿ ನೋಡಿ, “ಇವರನ್ನೆಲ್ಲ ಯಾಕೆ ಒಳಗೆ ಕೂಡಿಹಾಕಿದ್ದೀರಿ?” ಅಂದ. ಇಲ್ಲಿರೋದು ನಾವಿಬ್ಬರೇ ಅಂದೆ. ಅಷ್ಟರಲ್ಲಿ ಸ್ಟೂಲು ಎತ್ತಿ ಬೀಸಿದ. ಕನ್ನಡಿ ಪೂರ್ತಿ ಕೆಳಗೆ ಬಂತು. ಎರಡನೇ ಸಲ ಎತ್ತುವಾಗ ಹಿಂದಿನಿಂದ ತಬ್ಬಿ ಹಿಡಿದೆ. ಇಬ್ಬರೂ ಬಿದ್ದೆವು, ನನ್ನ ಬಲಗೈ ಗಾಜಿನ ಮೇಲೆ. ಉಂಗುರದ ಬೆರಳು, ಕಿರುಬೆರಳು ಎರಡರ ನರವೂ ಕಡಿದುಹೋಯಿತು.

ಪೊಲೀಸರು ಹುಚ್ಚನನ್ನು ಎಳೆದುಕೊಂಡು ಹೋದರು. ದೂರಿಗೆ ಎಡಗೈಯಲ್ಲಿ ಸಹಿ ಹಾಕಿದೆ. ನನ್ನ ಮನೆಗೆ ಅನ್ನ ಹಾಕಿದ್ದು ಈ ಬಲಗೈ. ಈಗ ಕತ್ತರಿ ಹಿಡಿದರೆ ಜಾರುತ್ತದೆ. ಅವನು ಜೈಲಲ್ಲಿ ಕೊಳೀಲಿ. ಬೇರೇನೂ ಬೇಡ.

ಮಾರ್ಚ್ 10, ಮಂಗಳವಾರ

ಇವತ್ತು ಸಲೂನಿಗೆ ಒಬ್ಬಳು ಲಾಯರು ಬಂದಿದ್ದಳು. ಚಿಕ್ಕ ವಯಸ್ಸು, ದೊಡ್ಡ ಬ್ಯಾಗು. ಆ ಹುಚ್ಚನ ಪರ ವಾದಿಸೋಕೆ ಸರ್ಕಾರವೇ ನೇಮಿಸಿದೆಯಂತೆ.

“ಅವರಿಗೆ ಕಾಯಿಲೆ, ಯಜಮಾನ್ರೆ. ಯಾರೂ ಇಲ್ಲದ ಕಡೆ ದನಿಗಳು ಕೇಳಿಸುತ್ತವೆ. ಔಷಧಿ ತಗೊಂಡ್ರೆ ಹತೋಟಿಲಿ ಇರುತ್ತೆ. ನಮ್ಮ ಕೋರ್ಟಲ್ಲಿ ಬುಧವಾರ ಮಧ್ಯಾಹ್ನ ಇಂಥ ಕೇಸುಗಳನ್ನೇ ಬೇರೆಯಾಗಿ ನೋಡ್ತಾರೆ. ಕೇಸನ್ನ ತಡೆಹಿಡಿದು ಜೈಲಿನ ಬದಲು ಆಸ್ಪತ್ರೆಗೆ ಕಳಿಸ್ತಾರೆ. ಆಮೇಲೆ ವಾರ ವಾರ ಬಂದು ಜಡ್ಜಿಗೆ ಮುಖ ತೋರಿಸ್ಬೇಕು. ತಪ್ಪಿದ್ರೆ ಮತ್ತೆ ಜೈಲು.”

“ಸರಿ. ನನ್ನ ಹತ್ರ ಯಾಕೆ ಬಂದ್ರಿ?”

“ಏಟು ಬಿದ್ದಿರೋದು ನಿಮಗೆ. ನಿಮ್ಮ ಮಾತು ಕೇಳದೆ ಜಡ್ಜ್ ತೀರ್ಮಾನ ಮಾಡಲ್ಲ.”

“ಹಾಗಾದ್ರೆ ಕೇಳಿಸ್ಕೊಳ್ಳಿ. ಆಗಲ್ಲ.”

ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ ಭಾವಮೈದ ಅಲ್ಲಿಂದಲೇ ಹೇಳಿದ, “ಕಾಯಿಲೆಯವರೆಲ್ಲ ಸ್ಟೂಲು ಬೀಸ್ತಾ ಹೋದ್ರೆ ಊರಲ್ಲಿ ಸ್ಟೂಲೇ ಉಳಿಯಲ್ಲ, ಮೇಡಂ.” ಗಿರಾಕಿ ನಕ್ಕ. ಅವಳು ನಗಲಿಲ್ಲ. ಫೋನ್ ನಂಬರ್ ಇಟ್ಟು ಹೋದಳು.

ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಬಸ್ ಸ್ಟ್ಯಾಂಡಿನ ಟಿಕೆಟ್ ಕೌಂಟರಿನವಳು. ದಿನವಿಡೀ ಗಾಜಿನ ಕಿಂಡಿಯಲ್ಲಿ ಕೂಗಿ ಬಂದವಳಿಗೆ ಮನೆಯಲ್ಲಿ ಮಾತು ಕಮ್ಮಿ. ನನ್ನ ತಟ್ಟೆಯ ರೊಟ್ಟಿಯನ್ನು ಸಣ್ಣಗೆ ಮುರಿದು ಮುಂದಿಟ್ಟಳು.

ಮಾರ್ಚ್ 14, ಶನಿವಾರ

ಆ ಹುಚ್ಚನ ಅಕ್ಕ ಬಂದಿದ್ದಳು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳಂತೆ. ನನಗಿಂತ ನಾಕೈದು ವರ್ಷ ಚಿಕ್ಕವಳು. ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಅಂತ ಕಾದೆ. ಎರಡೂ ಮಾಡಲಿಲ್ಲ. ನಿಂತೇ ಮಾತಾಡಿದಳು.

“ನನ್ನ ತಮ್ಮ ಲಿಫ್ಟ್ ಮೆಕ್ಯಾನಿಕ್ಕು, ಅಣ್ಣ. ವರ್ಷಾನುಗಟ್ಟಲೆ ಔಷಧಿ ತಗೊಂಡು ಚೆನ್ನಾಗೇ ಕೆಲಸ ಮಾಡ್ಕೊಂಡಿದ್ದ. ನಮ್ಮ ಕಡೆಯ ಕ್ಲಿನಿಕ್ಕು ಮುಚ್ಚಿಬಿಟ್ರು. ಊರಾಚೆ ದೊಡ್ಡ ಆಸ್ಪತ್ರೆಗೆ ಹೋಗಿ ದಿನಗಟ್ಟಲೆ ಕಾಯ್ಬೇಕಾಯ್ತು. ನಾನು ಚೆನ್ನಾಗೇ ಇದ್ದೀನಲ್ಲ ಅಂತ ಇವನು ಬಿಟ್ಟ. ಆಮೇಲೆ ನೀರು ತಲೆ ಮೇಲೆ ಹೋಯ್ತು.”

“ನೀವೇನು ಮಾಡ್ತಿದ್ರಿ?” ಅಂದೆ. ಒರಟಾಗೇ ಕೇಳಿದೆ.

“ನಾನೇ ಸ್ಟೇಷನ್ನಿಗೆ ಕರ್ಕೊಂಡು ಹೋದೆ. ಆಸ್ಪತ್ರೆಗೆ ಸೇರಿಸೋಕೆ ಸಹಾಯ ಮಾಡಿ, ನನ್ನೊಬ್ಬಳ ಕೈಲಾಗಲ್ಲ ಅಂದೆ. ಏನಾದ್ರೂ ಮಾಡಿದ್ಮೇಲೆ ಬನ್ನಿ ಅಂದ್ರು.” ಹೊಸ ಕನ್ನಡಿಯನ್ನು ಒಂದು ಗಳಿಗೆ ನೋಡಿದಳು. “ಮಾಡಿದ.”

ನಿಮ್ಮ ಕೈ ತೋರಿಸಿ ಅಂದಳು. ತೋರಿಸಿದೆ. ಬಹಳ ಹೊತ್ತು ನೋಡಿ ನಮಸ್ಕಾರ ಮಾಡಿ ಹೊರಟುಹೋದಳು. ಏನನ್ನೂ ಬೇಡಲಿಲ್ಲ. ಬೇಡಿದ್ದರೆ ಇಲ್ಲ ಅನ್ನಬಹುದಿತ್ತು.

ಮಾರ್ಚ್ 20, ಶುಕ್ರವಾರ

ಗುರುತು ಹಿಡಿದು ಸಹಿ ಹಾಕಬೇಕು ಅಂತ ಜೈಲಿಗೆ ಕರೆಸಿದ್ದರು. ನಾನು ಜೈಲು ನೋಡಿದ್ದು ಇದೇ ಮೊದಲು. ಫಿನಾಯಿಲ್ ವಾಸನೆ, ಅದರಡಿ ಇನ್ನೊಂದು ವಾಸನೆ. ಅವನನ್ನು ಅಡುಗೆಕೋಣೆಯ ಹಿಂದೆ ಒಂಟಿಯಾಗಿ ಇಟ್ಟಿದ್ದಾರೆ. ಮೊದಲು ಎಲ್ಲರ ಜೊತೆ ಇದ್ದನಂತೆ. ರಾತ್ರಿ ಕೂಗುತ್ತಾನೆ ಅಂತ ಉಳಿದವರು ಹೊಡೆದರಂತೆ. ತಲೆಗೆ ಗಾಯವಾಗಿ, ಕೂದಲು ಅದರ ಮೇಲೆ ಜಡೆಗಟ್ಟಿ ಒಳಗೇ ಕೀವಾಗಿದೆ. ಯಾರನ್ನೂ ಮುಟ್ಟಗೊಡುವುದಿಲ್ಲ. ಗೋಡೆಗೆ ಮುಖಮಾಡಿ ಕೂತು ಯಾರಿಗೋ ಸಮಾಧಾನ ಹೇಳುತ್ತಿದ್ದ.

ಜೊತೆಗಿದ್ದ ವಾರ್ಡರ್ ವಯಸ್ಸಾದ ಮನುಷ್ಯ. “ಇಂಥೋರು ಬಾವಿ ಬಿಂದಿಗೆ ಇದ್ದ ಹಾಗೆ,” ಅಂದ. “ಮೇಲೆ ಹೋಗ್ತಾರೆ, ಮತ್ತೆ ಕೆಳಗೆ ಬರ್ತಾರೆ. ಪ್ರತಿ ಸಲ ಇನ್ನಷ್ಟು ಹಾಳಾಗಿ ಬರ್ತಾರೆ. ನಾವು ಬೀಗ ಹಾಕೋರು. ಡಾಕ್ಟ್ರಲ್ಲ.”

ಇವನೇ ಅಂತ ಹೇಳಿದೆ. ನನ್ನ ದನಿಗೆ ಅವನು ತಿರುಗಿದ. ನನ್ನ ಕೈಯ ಕಟ್ಟು ನೋಡಿದ.

“ಕೈ ಹೇಗಿದೆ?” ಅಂದ. ಮತ್ತೆ ಗೋಡೆ ಕಡೆ ತಿರುಗಿದ.

ಅವನು ಹಾಗೆ ಕೇಳಬಾರದಿತ್ತು.

ಮಾರ್ಚ್ 21, ಶನಿವಾರ

ಬರೆಯೋಕೆ ಮನಸ್ಸಿಲ್ಲ.

ಮಾರ್ಚ್ 30, ಸೋಮವಾರ

ಇವತ್ತು ನಾನು ಮಾಡಿದ್ದನ್ನು ನೆನೆದರೆ ನನಗೇ ನಗು ಬರುತ್ತದೆ.

ಲಾಯರಮ್ಮ ಹೋದ ವಾರ ಫೋನ್ ಮಾಡಿದ್ದಳು. ಏಪ್ರಿಲ್ ಎಂಟಕ್ಕೆ ಕೋರ್ಟು, ನಿಮ್ಮ ತೀರ್ಮಾನ ಅದೇನಾ ಅಂತ ಕೇಳೋಕೆ. ಅವನ ತಲೆ ಗಾಯ ಹೇಗಿದೆ ಅಂದೆ. ಜ್ವರ ಬಂದಿದೆ, ನಾಲ್ಕು ಜನ ಹಿಡಿದು ಬೋಳಿಸೋಕೆ ನೋಡಿದ್ರು, ಆಗಲಿಲ್ಲ ಅಂದಳು. ನಾಲ್ಕು ಜನ ಹಿಡಿದರೆ ನನಗೂ ಹುಚ್ಚು ಹಿಡಿಯುತ್ತದೆ. “ನಾನು ಬರ್ತೀನಿ,” ಅಂದುಬಿಟ್ಟೆ. ಬಾಯಿಂದ ಬಿದ್ದ ಮಾತು, ಎತ್ತಿ ಒಳಗೆ ಹಾಕಿಕೊಳ್ಳೋಕಾಗುತ್ತದೆಯೇ? ಅವಳು ಜೈಲರ್ ಹತ್ತಿರ ಓಡಾಡಿ ಒಪ್ಪಿಸಿದಳು.

ಭಾವಮೈದ ಕೇಳಿ ಕೆಂಡವಾದ. “ಭಾವ, ಕೈ ಕಡಿದವನ ತಲೆ ಕತ್ತರಿಸೋಕೆ ಹೋಗ್ತೀರಾ?” ಅಂದ. “ತಲೆ ಅಲ್ಲ, ಕೂದಲು,” ಅಂದೆ.

ಜೈಲಿನೊಳಗೆ ಕತ್ತರಿ ಬಿಡುವುದಿಲ್ಲ, ಮಷೀನ್ ಮಾತ್ರ. ಅವನನ್ನು ಕೈಗೆ ಕೋಳ ಹಾಕಿ ತಂದು ಕೂರಿಸಿದರು. ಕೋಳ ತೊಟ್ಟ ಗಿರಾಕಿಗೆ ನಾನು ಕಟಿಂಗ್ ಮಾಡಲ್ಲ ಅಂದೆ. ವಾರ್ಡರ್ ಗೊಣಗಿಕೊಂಡು ತೆಗೆದ. ನಾನು ಎದುರಿಗೆ ಬಂದು, ಹೊದಿಸುವ ಬಟ್ಟೆ ಬಿಡಿಸಿ ತೋರಿಸಿ, ನಿಧಾನವಾಗಿ ಕೊರಳಿಗೆ ಸುತ್ತಿದೆ. ಎಲ್ಲರಿಗೂ ಕೇಳೋದನ್ನೇ ಕೇಳಿದೆ.

“ಸಣ್ಣಗೋ, ಮೀಡಿಯಮ್ಮೋ?”

ಕೊರಳ ಬಟ್ಟೆಯನ್ನು ಬಗ್ಗಿ ನೋಡಿಕೊಂಡ. ಆಮೇಲೆ, “ಮೀಡಿಯಂ.”

ವಾರ್ಡರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಆ ಜಡೆಯಲ್ಲಿ ಮೀಡಿಯಂ ಮಾಡೋಕೆ ಏನಿತ್ತು. ಆದರೂ ಆಗಲಿ ಅಂದೆ. ಮಷೀನನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮೂರು ಬೆರಳಲ್ಲಿ ತಲೆ ಆನಿಸಿಕೊಂಡು ಶುರು ಮಾಡಿದೆ. ಸದ್ದಿಗೆ ಬೆಚ್ಚಿದ. ನಿಲ್ಲಿಸಿದೆ. ಮತ್ತೆ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ, “ಬ್ಲೇಡಿಗೆ ಎಣ್ಣೆ ಬಿಟ್ಟಿಲ್ಲ ನೀವು,” ಅಂದ. ನಿಜ, ಬಿಟ್ಟಿರಲಿಲ್ಲ. ಒಂದು ತಿಂಗಳಿಂದ ಆ ಮಷೀನ್ ಮುಟ್ಟಿದ್ದೆನೇ? ಮನೆಗೆ ಹೋಗಿ ಎಣ್ಣೆ ಬಿಡ್ತೀನಪ್ಪ ಅಂದೆ. ಗಾಯ ಕಂಡಾಗ ಜೈಲಿನ ಡಾಕ್ಟರನ್ನು ಕರೆದೆ. ಅವನು ಅಳ್ಳಾಡದೆ ಕೂತು ತೊಳೆಸಿಕೊಂಡ. ಕೊರಳಿಗೆ ಸುತ್ತಿದ ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ, ಅಷ್ಟೆ.

ಗಾಯದ ನಂತರ ನಾನು ಮಾಡಿದ ಮೊದಲ ಕಟಿಂಗು. ಅಷ್ಟೇನೂ ಚೆನ್ನಾಗಿ ಬಂದಿಲ್ಲ.

ಏಪ್ರಿಲ್ 8, ಬುಧವಾರ

ಕೋರ್ಟು ಅಂದರೆ ಏನೋ ಅಂದುಕೊಂಡಿದ್ದೆ. ಸ್ಕೂಲಿನ ಕ್ಲಾಸ್‌ರೂಮಿನಷ್ಟು ಕೋಣೆ, ಕರಕರ ಅನ್ನೋ ಫ್ಯಾನು, ಬೆಂಚುಗಳು. ಬುಧವಾರ ಮಧ್ಯಾಹ್ನ ಪೊಲೀಸರು ಹೊರಗೆ ನಿಲ್ಲುತ್ತಾರೆ, ಆಸ್ಪತ್ರೆಯ ಡಾಕ್ಟರು ಒಳಗೆ ಕೂರುತ್ತಾರೆ. ಜಡ್ಜ್ ಸಾಹೇಬರು ತೆಳ್ಳಗಿನ ಮನುಷ್ಯ, ಒಬ್ಬೊಬ್ಬರನ್ನೂ ‘ನಿದ್ದೆ ಬಂತಾ, ಊಟ ಮಾಡಿದ್ರಾ’ ಅಂತ ಕೇಳುತ್ತಿದ್ದರು.

ಸರ್ಕಾರಿ ವಕೀಲರು ಎದ್ದು ನಿಂತು ನನ್ನ ಪರವಾಗಿ ಜೋರಾಗಿ ವಾದಿಸಿದರು. ದುಡಿಯುವ ಮನುಷ್ಯನ ಬಲಗೈ ಹೋಗಿದೆ, ಇದನ್ನು ಹಗುರವಾಗಿ ತಗೊಳ್ಳಬಾರದು, ಇಂಥವನನ್ನು ಹೊರಗೆ ಬಿಟ್ಟರೆ ನಾಳೆ ಇನ್ನೊಬ್ಬರ ಕೈ, ಅಂದರು. ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅವನು ಎದುರು ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ, ತುಟಿ ಅಲ್ಲಾಡುತ್ತಿತ್ತು. ಅಕ್ಕ ಅವನ ಬೆನ್ನ ಮೇಲೆ ಕೈಯಿಟ್ಟಿದ್ದಳು.

ಜಡ್ಜ್ ನನ್ನನ್ನು ಕರೆದರು. “ನಿಮಗೆ ಏನು ಬೇಕು, ಹೇಳಿ.”

ಎದ್ದು ಹೋಗಿ ಎದುರಿಗೆ ನಿಂತೆ.

“ಸಾಹೇಬ್ರೆ, ಇವನು ಜೈಲಲ್ಲಿ ಕೊಳೀಲಿ ಅಂತ ನಾನೇ ಬಯಸಿದ್ದೆ. ಹೋಗಿ ನೋಡ್ದೆ. ನಿಜವಾಗ್ಲೂ ಕೊಳೀತಾ ಇದ್ದ. ತಲೆ ತುಂಬ ಕೀವು. ಅದರಿಂದ ನನ್ನ ಬೆರಳು ಒಂದು ಕೂದಲೆಳೆಯಷ್ಟೂ ಬಗ್ಗಲಿಲ್ಲ.”

ಸರ್ಕಾರಿ ವಕೀಲರಿಗೆ ಇದು ಹಿಡಿಸಲಿಲ್ಲ. “ಅಂದ್ರೆ ಆರೋಪಿಯನ್ನ ಕ್ಷಮಿಸಿದ್ದೀರಾ?”

“ಇಲ್ಲ ಸಾರ್. ಕೋಪ ಇದೆ. ಕತ್ತರಿ ಜಾರಿದಾಗೆಲ್ಲ ಬರುತ್ತೆ. ಆದ್ರೆ ನನಗೆ ಕೋಪ ಇದೆ ಅಂತ ಅವನಿಗೆ ಔಷಧಿ ಯಾಕೆ ತಪ್ಪಿಸ್ಬೇಕು? ಶಿಕ್ಷೆ ಮುಗಿಸಿ ಒಂದಲ್ಲ ಒಂದಿನ ಅವನು ಹೊರಗೆ ಬರ್ತಾನೆ. ಇದೇ ತಲೆ ಹೊತ್ಕೊಂಡು ಬರ್ತಾನಾ, ವಾಸಿಯಾದ ತಲೆ ಹೊತ್ಕೊಂಡು ಬರ್ತಾನಾ? ನಾನು ಹೊಸ ಕನ್ನಡಿ ಹಾಕ್ಸಿದೀನಿ. ನನಗೆ ವಾಸಿಯಾದವನು ಬೇಕು.”

ಹಿಂದೆ ಯಾರೋ ನಕ್ಕರು. ಜಡ್ಜ್ ನಗಲಿಲ್ಲ. ಡಾಕ್ಟರ ಹತ್ತಿರ, ಅಕ್ಕನ ಹತ್ತಿರ ಮಾತಾಡಿದರು. ಆಮೇಲೆ ಅವನನ್ನು ನೋಡಿ ಒಂದೊಂದೇ ಮಾತು ಬಿಡಿಸಿ ಹೇಳಿದರು: ಇವತ್ತೇ ಆಸ್ಪತ್ರೆಗೆ, ಡಾಕ್ಟರು ಸಾಕು ಅಂದ ಮೇಲೆ ಅಕ್ಕನ ಮನೆಗೆ, ಪ್ರತಿ ಬುಧವಾರ ಇಲ್ಲಿಗೆ. ನಡೆದುಕೊಂಡರೆ ಕೇಸು ಮುಗಿಯುತ್ತದೆ, ತಪ್ಪಿದರೆ ಜೈಲು.

ಕೋರ್ಟಿನ ಅಂಗಳದಲ್ಲಿ ಜೈಲಿನ ವ್ಯಾನೂ ಇತ್ತು, ಆಸ್ಪತ್ರೆಯ ಗಾಡಿಯೂ ಇತ್ತು. ಅವನು ಬಂದದ್ದು ಅದರಲ್ಲಿ, ಹೋದದ್ದು ಇದರಲ್ಲಿ. ಆ ಅಕ್ಕ ಅವತ್ತು ಸಲೂನಿನಲ್ಲಿ ಅಳದೆ ಉಳಿಸಿಟ್ಟಿದ್ದನ್ನೆಲ್ಲ ನನ್ನ ಹೆಂಡತಿಯ ಹೆಗಲ ಮೇಲೆ ಅತ್ತಳು. ನನ್ನ ಹೆಂಡತಿ ರಜೆ ಹಾಕಿ ಬಂದಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಮೇ 20, ಬುಧವಾರ

ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಕೋರ್ಟು ದಾರಿಯಲ್ಲೇ ಸಿಗುತ್ತದಲ್ಲ ಅಂತ ಒಳಗೆ ಇಣುಕಿದೆ. ಲಿಫ್ಟಿನವನು ಆಸ್ಪತ್ರೆಯಿಂದ ಬಂದು ಹೋದ ವಾರದಿಂದ ಅಕ್ಕನ ಮನೆಯಲ್ಲಿದ್ದಾನೆ. ಮೈ ತುಂಬಿಕೊಂಡಿದೆ. ಮಾತು ನಿಧಾನ, ನೀರೊಳಗಿಂದ ಬಂದ ಹಾಗೆ. ಜಡ್ಜ್ “ದನಿಗಳು?” ಅಂದರು. “ದೂರ ಹೋಗಿವೆ ಸರ್, ಪಕ್ಕದ ಬೀದಿಯಲ್ಲಿ ಮಾತಾಡ್ತಾ ಇರೋ ಹಾಗೆ,” ಅಂದ. ನನ್ನ ಹತ್ತಿರ ಬಂದು ನಿಂತ. ಕೂದಲು ಬೆಳೆದಿದೆ, ಸಲೂನಿಗೆ ಬಾ ಅಂದೆ.

ಕಣ್ಣಿನ ಡಾಕ್ಟರ ಬಾಗಿಲು ಅಷ್ಟರಲ್ಲಿ ಮುಚ್ಚಿತ್ತು. ಇನ್ನೊಂದು ಬುಧವಾರ ನೋಡಿದರಾಯಿತು.

ಜುಲೈ 15, ಬುಧವಾರ

ಇವತ್ತಿನದನ್ನು ಪೂರ್ತಿ ಬರೆಯುತ್ತೇನೆ.

ಮಧ್ಯಾಹ್ನ ಲಿಫ್ಟಿನವನ ಅಕ್ಕ ಫೋನ್ ಮಾಡಿದಳು. “ಅಣ್ಣ, ಬೆಳಗ್ಗೆ ಎದ್ದು ಹೋದವನು ಬಂದಿಲ್ಲ. ಮಾತ್ರೆ ಡಬ್ಬಿ ಈ ವಾರದ್ದು ಹಾಗೇ ಇದೆ. ಕೋರ್ಟಲ್ಲಿ ಅವನ ಹೆಸರು ಕರೆದಾಯ್ತು.” ಭಾವಮೈದ, “ನಾಯಿ ಬಾಲ ಡೊಂಕು, ನಾನು ಹೇಳಿರ್ಲಿಲ್ವಾ?” ಅಂದ. ಗಿರಾಕಿಯನ್ನು ಅರ್ಧ ತಲೆಯಲ್ಲೇ ಅವನಿಗೆ ಒಪ್ಪಿಸಿ ಓಡಿದೆ.

ಲಾಯರಮ್ಮ ಕೋರ್ಟಿನಲ್ಲಿ ಸ್ವಲ್ಪ ಸಮಯ ಕೊಡಿ ಅಂತ ಕೈಮುಗಿದು ಕೇಳಿಕೊಂಡಿದ್ದಳು. ಕೋರ್ಟು ಏಳುವುದರೊಳಗೆ ಅವನಾಗಿ ಬಂದರೆ ಸರಿ, ಇಲ್ಲವಾದರೆ ವಾರಂಟು ಅಂದಿದ್ದರು ಜಡ್ಜ್. ಅಕ್ಕ ಡ್ರೈವಿಂಗ್ ಸ್ಕೂಲಿನ ಕಾರನ್ನೇ ತಂದಿದ್ದಳು. ಕಲಿಸುವವರ ಸೀಟಿನಲ್ಲಿ ನಾನು ಕೂತೆ. “ನಿಮ್ಮ ಕಡೆನೂ ಬ್ರೇಕ್ ಇದೆ, ಕಾಲಿಡ್ಬೇಡಿ,” ಅಂದಳು. ಅವಳು ಓಡಿಸಿದ ರೀತಿಗೆ ಎರಡು ಸಲ ಇಟ್ಟೆ. ಬೈಸಿಕೊಂಡೆ. ಬಸ್ ಸ್ಟ್ಯಾಂಡ್ ನೋಡಿದೆವು, ಪಾರ್ಕ್ ನೋಡಿದೆವು. ನನ್ನ ಹೆಂಡತಿ ಕೌಂಟರಿನ ಮೈಕಿನಲ್ಲಿ ಅವನ ಗುರುತು ಹೇಳಿ ಕೂಗಿಸಿದಳು. ಎಲ್ಲೂ ಇಲ್ಲ. ಆಮೇಲೆ ನನಗೆ ಅನ್ನಿಸಿತು, ನನಗೆ ದಿಕ್ಕು ತೋಚದಿದ್ದರೆ ನಾನು ಹೋಗೋದು ಸಲೂನಿಗೇ. “ಇವನು ಮೊದಲು ಕೆಲಸ ಮಾಡ್ತಿದ್ದ ಕಟ್ಟಡ ಯಾವುದು?” ಅಂದೆ.

ಅಲ್ಲೇ ಇದ್ದ. ಎತ್ತರದ ಅಪಾರ್ಟ್‌ಮೆಂಟಿನ ಮೇಲಿನ ಮಹಡಿ, ಮೆಟ್ಟಿಲ ಮೇಲೆ, ಪಕ್ಕದಲ್ಲಿ ಸ್ಪ್ಯಾನರ್ ಚೀಲ. ಅಕ್ಕ ಬಾಯಿ ತೆರೆಯುವ ಮೊದಲೇ ಎರಡೂ ಕೈ ಚಾಚಿ ತೋರಿಸಿದ. ಗಾಳಿಗೆ ಎಲೆ ನಡುಗಿದ ಹಾಗೆ ನಡುಗುತ್ತಿದ್ದವು.

“ಮಾತ್ರೆಯಿಂದ ಹೀಗೆ. ಬಿಟ್ರೆ ನಿಲ್ಲುತ್ತೆ ಅಂದ್ಕೊಂಡೆ. ಈ ಕೈಯಲ್ಲಿ ಯಾರು ನನಗೆ ಲಿಫ್ಟ್ ಮುಟ್ಟೋಕೆ ಬಿಡ್ತಾರೆ?”

ನಾನು ಅವನ ಪಕ್ಕ ಕೂತು ನನ್ನ ಬಲಗೈ ಚಾಚಿದೆ. ಬಗ್ಗದ ಎರಡು ಬೆರಳು, ಉಳಿದ ಮೂರು ಮೆಟ್ಟಿಲು ಹತ್ತಿದ ಸುಸ್ತಿಗೆ ನಡುಗುತ್ತಿದ್ದವು. ಅವನು ನೋಡಿದ.

“ಇದರಲ್ಲೇ ಕಟಿಂಗ್ ಮಾಡ್ತಿದ್ದೀರಾ?”

“ಮಾಡ್ತಿದ್ದೀನಿ. ಇದುವರೆಗೂ ಯಾರ ಕಿವೀನೂ ಹೋಗಿಲ್ಲ.”

ನಕ್ಕ. ಎದ್ದ.

ಜಡ್ಜ್ ಕುರ್ಚಿ ಬಿಟ್ಟು ಏಳುತ್ತಿದ್ದರು, ನಾವು ಒಳಗೆ ನುಗ್ಗಿದೆವು. ಮೂವರಿಗೂ ಏದುಸಿರು. ಅವನು ಹೋಗಿ ಎದುರು ನಿಂತು ಕೈ ತೋರಿಸಿದ, ಮಾತ್ರೆ ಬಿಟ್ಟದ್ದನ್ನೂ ಹೇಳಿದ. ಮುಚ್ಚಿಡಲಿಲ್ಲ.

“ಇದನ್ನ ಡಾಕ್ಟರಿಗೆ ಮೊದಲೇ ಹೇಳ್ಬಹುದಿತ್ತಲ್ಲ?” ಅಂದರು ಜಡ್ಜ್.

“ಹೇಳಿದ್ರೆ ಔಷಧಿ ತಪ್ಪಿಸ್ಕೊಳ್ಳೋಕೆ ನೆಪ ಹೇಳ್ತಿದ್ದಾನೆ ಅಂತ ಜೈಲಿಗೆ ಕಳಿಸ್ತೀರೇನೋ ಅಂತ ಹೆದರಿದೆ, ಸರ್.”

ಜಡ್ಜ್ ಕನ್ನಡಕ ತೆಗೆದು ಒರೆಸಿಕೊಂಡರು. “ಇನ್ನು ಮುಂದೆ ಹೆದರಿಕೆಯಾದ್ರೆ ಹೆದರಿಕೊಂಡೇ ಬನ್ನಿ. ಬರೋದು ಮುಖ್ಯ.” ಡಾಕ್ಟರ ಕಡೆ ತಿರುಗಿ, ಬೇರೆ ಔಷಧಿ ಇದೆಯಾ ನೋಡಿ ಅಂದರು. ಇದೆಯಂತೆ. ವಾರಂಟು ಬರಲಿಲ್ಲ.

ಸೆಪ್ಟೆಂಬರ್ 10, ಗುರುವಾರ

ಲಿಫ್ಟಿನವನಿಗೆ ಹೊಸ ಮಾತ್ರೆ ಹೊಂದಿಕೊಂಡಿದೆ. ಕೈ ನಡುಕ ನಿಂತಿದೆ. ಹಳೆಯ ಕಂಪನಿಯವರು ಮೊದಲು ಇನ್ನೊಬ್ಬ ಮೆಕ್ಯಾನಿಕ್ ಜೊತೆ ಕೆಲಸಕ್ಕೆ ಬಿಟ್ಟರು, ಈಗ ಒಂಟಿಯಾಗಿ ಕಳಿಸುತ್ತಿದ್ದಾರೆ.

ಇವತ್ತು ಸಲೂನಿಗೆ ಬಂದು ಕನ್ನಡಿಯೆದುರು ಕೂತ. ಮೊದಲ ಸಲ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದ, ಆಮೇಲೆ ತೆರೆದ. ಹೋದ ಮೇಲೆ ಕಾಯುತ್ತಿದ್ದ ಗಿರಾಕಿಯೊಬ್ಬ, “ಇವನೇ ಅಲ್ವಾ ಆ ಹುಚ್ಚ?” ಅಂದ. ಭಾವಮೈದ ಸಾಣೆ ಹಿಡಿಯುತ್ತಿದ್ದ ಕತ್ತಿ ಕೆಳಗಿಟ್ಟು, “ಅವರು ಲಿಫ್ಟ್ ಮೆಕ್ಯಾನಿಕ್ಕು. ನಿಮಗೆ ಅರ್ಜೆಂಟ್ ಇದ್ರೆ ಮುಂದಿನ ಬೀದೀಲಿ ಇನ್ನೊಂದು ಸಲೂನಿದೆ,” ಅಂದ. ಗಿರಾಕಿ ಮಾತ್ರ ಅಲ್ಲೇ ಕೂತು ಕಟಿಂಗ್ ಮಾಡಿಸಿಕೊಂಡ.

ನವೆಂಬರ್ 4, ಬುಧವಾರ

ಲಾಯರಮ್ಮ ಕರೆದಳು. ಕನ್ನಡಕದಂಗಡಿಯ ಹೆಂಗಸೊಬ್ಬರು, ಅವರ ಅಂಗಡಿಗೆ ಬೆಂಕಿ ಹಚ್ಚೋಕೆ ಹೋದ ಹುಡುಗಿಯ ಕೇಸು. ಆಸ್ಪತ್ರೆಗೆ ಕಳಿಸೋಕೆ ಸುತರಾಂ ಒಪ್ಪುತ್ತಿಲ್ಲ, ನೀವು ಒಂದು ಮಾತಾಡಿ ಅಂದಳು. ನಾನೇನು ಮಾತಾಡಲಿ, ನನಗೇನು ಗೊತ್ತು? ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನೆಲ್ಲ ಕೇಳಿದೆ. ಬಯ್ದರು, ಅತ್ತರು, ಮತ್ತೆ ಬಯ್ದರು. ನಿಮ್ಮ ಕೋಪ ನ್ಯಾಯವಾದದ್ದೇ, ಅದನ್ನ ಯಾರಿಗೂ ಬಿಟ್ಟುಕೊಡ್ಬೇಡಿ ಅಂದೆ. ಹೋಗಿ ಆ ಹುಡುಗೀನ ಒಂದ್ಸಲ ನೋಡಿ ಬನ್ನಿ, ಅಷ್ಟೇ ಅಂದೆ. ನೋಡೋಣ ಅಂದರು.

ಬುಧವಾರ ಸಲೂನಿಗೆ ರಜೆ ಅಂತ ಬೋರ್ಡು ಹಾಕಿಬಿಡಿ ಭಾವ, ಗಿರಾಕಿಗಳಿಗೆ ವಾರ ವಾರ ಸುಳ್ಳು ಹೇಳಿ ನನಗೆ ಸಾಕಾಗಿದೆ ಅಂತಾನೆ ಭಾವಮೈದ.

ಡಿಸೆಂಬರ್ 9, ಬುಧವಾರ

ಇವತ್ತು ನಮ್ಮ ಲಿಫ್ಟಿನವನ ಕೇಸು ಮುಗಿಯುವ ದಿನ. ಭಾವಮೈದ ನನಗಿಂತ ಮೊದಲು ಅಂಗಿಗೆ ಇಸ್ತ್ರಿ ಹಾಕಿಕೊಂಡು ನಿಂತಿದ್ದ. ನನ್ನ ಹೆಂಡತಿ, ಅಕ್ಕ, ಲಾಯರಮ್ಮ, ಎಲ್ಲರೂ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತೆವು. ಜೈಲಿನ ಆ ವಾರ್ಡರ್ ಕೂಡ ಬಂದಿದ್ದ, ರಜೆಯ ದಿನ, ಮಾಮೂಲಿ ಬಟ್ಟೆಯಲ್ಲಿ. ಗುರುತೇ ಸಿಗಲಿಲ್ಲ.

ಡಾಕ್ಟರು ಎರಡು ಮಾತು ಹೇಳಿದರು. ಸರ್ಕಾರಿ ವಕೀಲರು ಎದ್ದರು. ಅದೇ ವಕೀಲರು. “ಸರ್ಕಾರದ ಕಡೆಯಿಂದ ಆಕ್ಷೇಪಣೆ ಇಲ್ಲ,” ಅಂದರು, ಕೂತವರು ಮತ್ತೆ ಎದ್ದು, “ಸಂತೋಷ ಇದೆ,” ಅಂತ ಸೇರಿಸಿದರು. ಜಡ್ಜ್ ಸಹಿ ಹಾಕಿದರು. ಕೇಸು ವಜಾ.

“ನೀವು ಏನಾದ್ರೂ ಹೇಳ್ಬೇಕಾ?” ಅಂತ ಅವನನ್ನು ಕೇಳಿದರು.

ಈ ಕೋರ್ಟಿನಲ್ಲಿ ಕೇಸು ಮುಗಿದವರು ನಾಲ್ಕು ಮಾತಾಡೋದು ರೂಢಿ. ಅಕ್ಕ ರಾತ್ರಿಯೆಲ್ಲ ಅಭ್ಯಾಸ ಮಾಡಿಸಿದ್ದಳಂತೆ. ಅವನು ಎದ್ದು ನಿಂತ. ಗಡ್ಡ ನುಣ್ಣಗೆ, ಕಾಲಲ್ಲಿ ಪಾಲಿಶ್ ಹಾಕಿದ ಶೂ. ನಮ್ಮ ಬೆಂಚಿನ ಕಡೆ ನೋಡಿದ, ಗೋಡೆಯ ಗಡಿಯಾರ ನೋಡಿದ, ಗಂಟಲು ಸರಿಮಾಡಿಕೊಂಡ.

“ಸರ್, ಆಸ್ಪತ್ರೆಯ ಹಳೇ ಕಟ್ಟಡದ ಲಿಫ್ಟು ಬೆಳಗ್ಗೆಯಿಂದ ನಿಂತಿದೆ. ರೋಗಿಗಳನ್ನ ಕುರ್ಚಿ ಸಮೇತ ಮೆಟ್ಟಿಲಲ್ಲಿ ಹೊರ್ತಾ ಇದ್ದಾರೆ. ಎರಡು ಸಲ ಫೋನ್ ಬಂತು. ನಾನು ಕೆಲಸಕ್ಕೆ ಹೋಗ್ಬಹುದಾ?”

ಚಪ್ಪಾಳೆ ಶುರುವಾಯಿತು. ಮೊದಲು ವಾರ್ಡರ್, ಆಮೇಲೆ ಇಡೀ ಕೋಣೆ. ಹೊರಗಿನ ಪೊಲೀಸರು ಏನಾಯಿತೋ ಅಂತ ಒಳಗೆ ಇಣುಕಿದರು. ಭಾವಮೈದ ಬೆಂಚು ಕುಟ್ಟುತ್ತಿದ್ದ. ನಾನೂ ತಟ್ಟಿದೆ, ಬಗ್ಗದ ಬೆರಳು ಸೇರಿಸಿ.

ಜಡ್ಜ್ ಸಾಹೇಬರು ಚಪ್ಪಾಳೆ ನಿಲ್ಲುವ ತನಕ ಕಾದರು. “ಹೋಗಿ ಬನ್ನಿ ಅನ್ನೋದು ನಮ್ಮ ಬಾಯಿಗೆ ರೂಢಿಯಾಗಿರೋ ಮಾತು,” ಅಂದರು. “ಇವತ್ತು ಬನ್ನಿ ಅನ್ನಲ್ಲ. ಹೋಗಿ.”

ಅವನು ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ಹೋದ.